ಕೇರಳದಲ್ಲಿ ಮನೆ ತೆಗೊಳ್ಳುವವನಿಗೆ ಮಲಯಾಳ ಓದಲಿಕ್ಕೆ ಬರ್ತದಾ ಅಂತ ಕೇಳಿದ ಗೆಳೆಯನಿಗೆ

"ಪತ್ರ ಎಲ್ಲಾ ಮಲಯಾಳದಲ್ಲೇ ಇರುತ್ತಲ್ಲ, ಕಣ್ಣು ಮುಚ್ಚಿ ಸೈನ್ ಹಾಕ್ತೀಯಾ? ಸುಮ್ನೆ ಮಂಗಳೂರಲ್ಲೇ ಒಂದು ಫ್ಲ್ಯಾಟ್ ನೋಡಬಾರದಾ?" ಅಂತ ಬೆಂಗಳೂರಿನಿಂದ ಕೇಳಿದೆಯಲ್ಲ, ಅದಕ್ಕೆ ಫೋನಿನಲ್ಲಿ ಉತ್ತರ ಕೊಟ್ಟರೆ ಜಗಳ ಆಗ್ತದೆ ಅಂತ ಬರೆಯುತ್ತಿದ್ದೇನೆ.

ಮಲಯಾಳ ನನಗೆ ಓದಲಿಕ್ಕೆ ಬರ್ತದೆ ಮಾರಾಯ. ಕಾಸರಗೋಡಿನಲ್ಲಿ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಅಂತ ಬೆಳೆದವರು ನಾವು. ಓದಲಿಕ್ಕೆ ಬಾರದೆ ಒದ್ದಾಡುವುದು ಇಲ್ಲಿ ನಾನಲ್ಲ, ಬ್ಯಾಂಕಿನ ವಕೀಲ. ಅದನ್ನು ಆಮೇಲೆ ಹೇಳ್ತೇನೆ.

ನೀನು ಕೇಳುವ ಪಹಣಿ, ಖಾತಾ ಇಲ್ಲಿ ಇಲ್ಲ. ಕ್ರಯಪತ್ರಕ್ಕೆ ನಾವು ಆಧಾರ ಅನ್ನುತ್ತೇವೆ, ಅದರ ಹಿಂದಿನದ್ದು ಮುನ್ನಾಧಾರ. ವಿಲ್ಲೇಜ್ ಆಫೀಸಿನಲ್ಲಿ ನಿನ್ನ ಹೆಸರಿಗೆ ಒಂದು ತಂಡಪೇರ್ ನಂಬರ್, ಅಂದರೆ ಕಂದಾಯ ಖಾತೆಯ ನಂಬರ್, ಇರಬೇಕು, ಆ ವರ್ಷದ ತೀರ್ವೆ ಕಟ್ಟಿದ ರಶೀದಿ ಬೇಕು, ಕೈವಶ ಸರ್ಟಿಫಿಕೇಟ್ ಬೇಕು, ಮನೆಗೆ ಪಂಚಾಯತಿಯ ಓನರ್‌ಶಿಪ್ ಸರ್ಟಿಫಿಕೇಟ್ ಬೇಕು. ಸಾಲಗೀಲ ಇಲ್ಲ ಅಂತ ತೋರಿಸುವ ಬಾಧ್ಯತಾ ಸರ್ಟಿಫಿಕೇಟನ್ನು 30 ವರ್ಷದ್ದು ತೆಗೆಸಿದರೆ ಒಳ್ಳೆಯದು. ಖರ್ಚು ಮಾತ್ರ ನಿಮಗಿಂತ ಜಾಸ್ತಿ: ಮುದ್ರಾಂಕ ಶುಲ್ಕ ನೂರಕ್ಕೆ 8, ನೋಂದಣಿಗೆ ಇನ್ನೂ 2. ಐವತ್ತು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ವ್ಯವಹಾರವಾದರೆ ಖರೀದಿಸುವವನೇ ನೂರಕ್ಕೆ 1 ತೆರಿಗೆ ಹಿಡಿದು ಸರಕಾರಕ್ಕೆ ಕಟ್ಟಬೇಕು, ಅದು ದೇಶಕ್ಕೆಲ್ಲ ಒಂದೇ. ಆದರೆ ನಮ್ಮಲ್ಲಿ ಮಾರುವವನು ಹೆಚ್ಚಾಗಿ ಗಲ್ಫಿನಲ್ಲಿ ಇರ್ತಾನೆ. ಅವನು ತೆರಿಗೆಯ ಲೆಕ್ಕದಲ್ಲಿ ಅನಿವಾಸಿಯಾದರೆ ಈ 50 ಲಕ್ಷದ ಮಿತಿಯೂ ಇಲ್ಲ, 1ರ ದರವೂ ಇಲ್ಲ. ಹಿಡಿಯಬೇಕಾದ್ದು ಬಹಳ ಹೆಚ್ಚು, ಹಿಡಿಯದಿದ್ದರೆ ನೋಟೀಸು ಬರುವುದು ನಿನಗೆ. ಅವನು ಅಲ್ಲಿಂದ ಕಳಿಸುವ ಮುಖ್ತಾರುನಾಮೆಗೆ (ಪವರ್ ಆಫ್ ಅಟಾರ್ನಿಗೆ) ಕಾನ್ಸುಲೇಟಿನ ಸಹಿ ಇದೆಯಾ, ಊರಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಹಾಕಿಸಿದ್ದಾರಾ ನೋಡು. ಬರೇ ಮುಖ್ತಾರುನಾಮೆ ಮತ್ತು ಅಗ್ರಿಮೆಂಟಿನ ಮೇಲೆ ಮನೆ "ಕೊಂಡೆ" ಅನ್ನುವವರು ನಿಮ್ಮಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. 2011ರಲ್ಲೇ ಸುಪ್ರೀಂ ಕೋರ್ಟು ಅದರಿಂದ ಹಕ್ಕು ಬರುವುದಿಲ್ಲ ಅಂದಾಗಿದೆ.

ಇನ್ನು ಜಾಗದ ವಿಷಯ. ಮಾರುವವನು ಬೇಲಿ ತೋರಿಸಿ "ಒಂದೆಕ್ರೆ ಉಂಟು" ಅಂದರೆ, ಆಧಾರದಲ್ಲಿ ನಲವತ್ತು ಸೆಂಟ್ಸ್ ಇದ್ದೀತು. ಉಳಿದದ್ದು ಕುಮ್ಕಿ. ಹಳೇ ದಕ್ಷಿಣ ಕನ್ನಡದ ಪದ್ಧತಿ ಅದು: ವರ್ಗ ಜಾಗದ, ಅಂದರೆ ಪಟ್ಟಾ ಇರುವ ಸ್ವಂತ ಜಾಗದ, ಸುತ್ತ ನೂರು ಗಜದೊಳಗಿನ ಸರಕಾರಿ ಗುಡ್ಡೆಯಿಂದ ಸೊಪ್ಪು, ಸೌದೆ ತರುವ, ದನ ಮೇಯಿಸುವ ಸವಲತ್ತು. ಅಜ್ಜನ ಕಾಲದಿಂದ ಗೇರು ನೆಟ್ಟು ಬೇಲಿ ಹಾಕಿ ನಮ್ಮದೇ ಅಂದುಕೊಂಡಿರ್ತೇವೆ, ಆದರೆ ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಇದರ ಉಲ್ಟಾ ಇನ್ನೊಂದು. ಅಡಿಕೆ ತೋಟದ ಮಧ್ಯೆ ಚಂದದ ಸಮತಟ್ಟು ಜಾಗ, ಮನೆ ಕಟ್ಟಲಿಕ್ಕೆ ಹೇಳಿ ಮಾಡಿಸಿದ ಹಾಗೆ ಇರ್ತದೆ. ವಿಲ್ಲೇಜಿನ ಪುಸ್ತಕದಲ್ಲಿ ಅದು "ನಿಲಂ", ಅಂದರೆ ಗದ್ದೆ. 2008ರ ಗದ್ದೆ ಸಂರಕ್ಷಣಾ ಕಾನೂನು ಬಂದ ಮೇಲೆ, ಅದರ ಡೇಟಾ ಬ್ಯಾಂಕ್ ಅನ್ನುವ ಗದ್ದೆಗಳ ಪಟ್ಟಿಯಲ್ಲಿ ಆ ಜಾಗ ಸೇರಿದ್ದರೆ ಮನೆಗೆ ಪರ್ಮಿಟ್ ಹೆಚ್ಚಾಗಿ ಕನಸೇ. ಸೇರಿರದಿದ್ದರೆ ಆರ್‌ಡಿಒಗೆ (ಕಂದಾಯ ವಿಭಾಗಾಧಿಕಾರಿಗೆ) ಅರ್ಜಿ ಹಾಕಿ ಬದಲಾಯಿಸಬಹುದು. ಮುಂಗಡ ಕೊಡುವ ಮೊದಲು ನೋಡಬೇಕಾದ್ದು ಅಷ್ಟೆ. ತೋಟದ ತಂಪು ನೋಡಿ ಮರುಳಾಗಬೇಡ.

ಕುಟುಂಬದ ಮನೆ ಮಾರಾಟಕ್ಕೆ ಬಂದರೆ ಸ್ವಲ್ಪ ದೂರ ನಿಲ್ಲು. ಅಳಿಯಕಟ್ಟಿನ, ಅಂದರೆ ಆಸ್ತಿ ತಾಯಿಯ ಕಡೆಯಿಂದ ಬರುವ, ಕುಟುಂಬಗಳನ್ನು ಕೇರಳದ ಕಾನೂನು 1976ರ ಡಿಸೆಂಬರ್ 1ಕ್ಕೆ ಒಂದೇ ಏಟಿಗೆ ಪಾಲು ಮಾಡಿ ಹಾಕಿತು, ಆ ದಿನ ಇದ್ದ ಪ್ರತಿಯೊಬ್ಬ ಸದಸ್ಯನಿಗೂ ತಲೆಗೊಂದು ಪಾಲು. ಮನೆಯಲ್ಲಿ ಕೂತು ಮಾತಾಡುವ ಯಜಮಾನರು "ಎಲ್ಲ ನನ್ನದೇ" ಅನ್ನುತ್ತಾರೆ. ಸಹಿ ಹಾಕಬೇಕಾದವರು ಮುಂಬೈಯ ಹೋಟೆಲುಗಳಲ್ಲಿ, ಅವರ ಮಕ್ಕಳು ಇನ್ನೆಲ್ಲೋ. ದೈವದ ಕೋಣೆಯ ಪ್ರಶ್ನೆ ಎತ್ತಿದರಂತೂ ಮಾತುಕತೆ ಮುಂದಿನ ಕೋಲಕ್ಕೆ ಹೋಗ್ತದೆ.

ಇಷ್ಟೆಲ್ಲ ನಿಭಾಯಿಸಬಹುದು. ನಿಭಾಯಿಸಲಾಗದೆ ನಾನು ಈಗಲೂ ಅಲೆಯುತ್ತಿರುವುದು ಬೇರೆ ವಿಷಯಕ್ಕೆ.

ನಮ್ಮ ಅಜ್ಜನ ಆಧಾರ ನೋಡಬೇಕು ನೀನು. ಆರನೇ ಜಾರ್ಜ್ ದೊರೆಯ ಮುಖ ಇರುವ ಛಾಪಾ ಕಾಗದ, ಮಡಚಿದಲ್ಲೆಲ್ಲ ಹರಿದು ಟೇಪ್ ಹಾಕಿದ್ದು. ಮೇಲೆ ಕಾಸರಗೋಡು ತಾಲೂಕು, ದಕ್ಷಿಣ ಕನ್ನಡ ಜಿಲ್ಲೆ. ಕೆಳಗೆ ಪೆನ್ನು ಎತ್ತದೆ ಬರೆದ ಕನ್ನಡದಲ್ಲಿ ಚಕ್ಕುಬಂದಿ: ಮೂಡಲು ಇಂಥವರ ವರ್ಗ, ತೆಂಕಲು ತೋಡು, ಪಡುವಲು ಗುಡ್ಡೆ, ಬಡಗಲು ದಾರಿ. ಅಜ್ಜನ ಹೆಸರು ಅದರಲ್ಲಿ ಮಾಲಿಂಗ. ಭೂಸುಧಾರಣೆಯ ನಂತರ ಪಕ್ಕದ ಗೇಣಿ ಜಾಗಕ್ಕೆ ಲ್ಯಾಂಡ್ ಟ್ರಿಬ್ಯೂನಲಿನಿಂದ ಬಂದ ಕ್ರಯ ಸರ್ಟಿಫಿಕೇಟಿನಲ್ಲಿ ಅವರು ಮಹಾಲಿಂಗ ನಾಯ್ಕ. ರೀಸರ್ವೆ ಆಗಿ ಹೊಸ ನಂಬರ್ ಬಂತು, ಸೆಂಟ್ಸ್ ಹೋಗಿ "ಆರ್" ಅನ್ನುವ ಮೆಟ್ರಿಕ್ ಅಳತೆ ಬಂತು, ಕಂಪ್ಯೂಟರಿಗೆ ಏರಿಸುವಾಗ ಯಾರೋ ಪುಣ್ಯಾತ್ಮರು ಮಲಯಾಳದ ಹುಡುಗನ ಹಾಗೆ ಮಹಾಲಿಂಗನ್ ಮಾಡಿದರು. ಸತ್ತ ಮೇಲೆ ಅಜ್ಜ ಮೂರು ಜನ ಆಗಿಬಿಟ್ಟರು.

ಇದಕ್ಕೆ ಮದ್ದು ಉಂಟು, ಮೂವರೂ ಒಬ್ಬರೇ ಅಂತ ಕಂದಾಯ ಇಲಾಖೆ ಕೊಡುವ "ಒನ್ ಆಂಡ್ ದಿ ಸೇಮ್" ಸರ್ಟಿಫಿಕೇಟ್. ಬದುಕಿದ್ದವರಿಗೆ ಅದು ಸಲೀಸು. ಅಜ್ಜನಿಗೆ ಬೇಕಾದರೆ ಅವರದ್ದೇ ಎರಡು ಗುರುತಿನ ದಾಖಲೆ ತನ್ನಿ ಅಂದರು. ಅಜ್ಜನ ಗುರುತು ಅಂತ ಊರಲ್ಲಿ ಉಳಿದದ್ದು ಅವರು ನೆಟ್ಟ ಹಲಸಿನ ಮರ ಒಂದೇ.

ಹೇಗೋ ಅದು ಮುಗಿಯಿತು ಅನ್ನುವಾಗ ಬ್ಯಾಂಕು. ಸಾಲಕ್ಕೆ ಮುನ್ನಾಧಾರ ಕೊಟ್ಟರೆ ಪ್ಯಾನೆಲ್ ವಕೀಲರು "ಇದು ಯಾವ ಭಾಷೆ?" ಅಂತ ಕೇಳಿದರು. ತೆಂಕಣ ಜಿಲ್ಲೆಯವರು, ಒಳ್ಳೆಯ ಮನುಷ್ಯ, ಚಾ ಕೂಡ ಕೊಟ್ಟರು. ಆದರೆ ಮಲಯಾಳಕ್ಕೋ ಇಂಗ್ಲಿಷಿಗೋ ಅನುವಾದಿಸಿ ನೋಟರಿ ಮಾಡಿಸದೆ ಫೈಲು ಮುಂದೆ ಹೋಗಲಿಲ್ಲ. ಈ ಜಿಲ್ಲೆಯ ಹಳೇ ಜಾಗಗಳಿಗೆ ಮೂಲ ಕಾಗದ ಹೆಚ್ಚಾಗಿ ಕನ್ನಡದಲ್ಲೇ ಇರುವಾಗ, ಅನುವಾದದ ಖರ್ಚು ಯಾವಾಗಲೂ ನಮ್ಮ ಕಿಸೆಯಿಂದಲೇ ಯಾಕೆ? ಆ ಹಳೇ ಕೈಬರಹ ಓದುವವರೂ ಬೇಕಾದಷ್ಟಿಲ್ಲ. ನಮ್ಮ ಕಡೆ ಕನ್ನಡದಲ್ಲಿ ಆಧಾರ ಬರೆಯುವವರು ವಯಸ್ಸಾದವರು, ಅವರ ಮಕ್ಕಳು ಆ ಕೆಲಸಕ್ಕೆ ಬರಲಿಲ್ಲ.

ಕಾನೂನು ನಮ್ಮ ಕಡೆಗೇ ಉಂಟು, ಅದು ಇನ್ನೂ ಸಿಟ್ಟು ಬರಿಸುವುದು. ನೋಂದಣಿ ಕಾಯಿದೆಯ 19ನೇ ಸೆಕ್ಷನ್ ನೋಡು. ಅಧಿಕಾರಿಗೆ ಭಾಷೆ ಗೊತ್ತಿಲ್ಲದಿರಬೇಕು, ಜತೆಗೆ ಆ ಭಾಷೆ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿ ಇಲ್ಲದಿರಬೇಕು, ಎರಡೂ ಸೇರಿದರೆ ಮಾತ್ರ ಅನುವಾದ ಕೇಳಬಹುದು. ಕಾಸರಗೋಡಿನಲ್ಲಿ ಕನ್ನಡ ಬಳಕೆಯಲ್ಲಿಲ್ಲ ಅಂತ ಯಾರು ಹೇಳ್ತಾರೆ? 1969ರ ಕೇರಳ ರಾಜ್ಯಭಾಷಾ ಕಾನೂನೂ ತಮಿಳು, ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದು ಅಂದಿದೆ. ಹಾಗಂತ ಬ್ಯಾಂಕಿನ ವಕೀಲರಿಗೆ ಈ ಎರಡೂ ಅನ್ವಯಿಸುವುದಿಲ್ಲ. ಸಿಕ್ಕಿಕೊಳ್ಳುವುದು ಯಾವಾಗಲೂ ಆ ಸಂದಿಯಲ್ಲಿ.

ನೀನು "ಪಾಪ" ಅನ್ನಬೇಡ ಮತ್ತೆ. ಭೂದಾಖಲೆ, ನೋಂದಣಿ, ಸರ್ವೆ ಮೂರನ್ನೂ ಒಂದೇ ಕಡೆ ಜೋಡಿಸುವ "ಎನ್ಟೆ ಭೂಮಿ" ಪೋರ್ಟಲನ್ನು ಕೇರಳ 2024ರಲ್ಲಿ ಮೊದಲು ಶುರು ಮಾಡಿದ್ದು ನಮ್ಮ ಮಂಜೇಶ್ವರ ತಾಲೂಕಿನ ಉಜಾರು ಉಳುವಾರಿನಲ್ಲಿ. ನಿಮ್ಮ ಬೆಂಗಳೂರಿನಲ್ಲಿ ಎ ಖಾತಾ, ಬಿ ಖಾತಾ ಅಂತ ಜನ ತಲೆ ಚಚ್ಚಿಕೊಳ್ಳುವುದನ್ನು ನಾವೂ ಪೇಪರಿನಲ್ಲಿ ಓದ್ತೇವೆ. ಕಂಪ್ಯೂಟರಿಗೆ ಏರುವಾಗ ಹೆಸರು ಸರಿಯಾಗಿ ಏರಬೇಕು, ನಮ್ಮ ತಕರಾರು ಅಷ್ಟೆ. ವಿಲ್ಲೇಜ್ ಆಫೀಸಿನಲ್ಲಿ ಕನ್ನಡ ಓದುವ ಒಬ್ಬ ಗುಮಾಸ್ತ ಇದ್ದ ವರ್ಷ ಕೆಲಸ ಬೇಗ ಆಗ್ತದೆ, ಅವರಿಗೆ ವರ್ಗ ಆದರೆ ಪುನಃ ಮೊದಲಿನಿಂದ. ಮಂಗಳೂರಿನ ಫ್ಲ್ಯಾಟಿಗೆ ಹೋದರೆ ಈ ರಗಳೆ ಇಲ್ಲ, ಸರಿ. ಆದರೆ ಅಲ್ಲಿ ನನಗೆ ಮೂಡಲೂ ಇಲ್ಲ ತೆಂಕಲೂ ಇಲ್ಲ, ಎಂಟನೇ ಮಹಡಿ ಅಷ್ಟೆ.

ನಿನ್ನ ಭಾವ ಉಪ್ಪಳದ ಹತ್ತಿರ ಮನೆ ನೋಡ್ತಿದ್ದಾರೆ ಅಂದೆಯಲ್ಲ, ಅವರಿಗೆ ಹೇಳು: ಮುಂಗಡ ಕೊಡುವ ಮೊದಲು ಮುನ್ನಾಧಾರದ ಪ್ರತಿ ಪುಟದ ಫೋಟೋ ನನಗೆ ವಾಟ್ಸಾಪ್ ಮಾಡಲಿ. ಹಿಂಬದಿ ಕೂಡ. ರಿಜಿಸ್ಟ್ರಾರರ ಷರಾ ಹೆಚ್ಚಾಗಿ ಅಲ್ಲೇ ಇರ್ತದೆ.