1969ರ ಸ್ಪಿಟ್‌ಫೈರ್‌ಗೆ ಯಾವ ಎಂಜಿನ್ ಹೊಂದುತ್ತದೆ?

ನಿಮ್ಮ ಸೋದರಮಾವ ಕೆ.ಜಿ.ಎಫ್. ಗಣಿಯಲ್ಲಿ ಕೆಲಸದಲ್ಲಿದ್ದಾಗ ಕೊಂಡ 1969ರ ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 3 ಕಾರು ಇಪ್ಪತ್ತೆರಡು ವರ್ಷಗಳಿಂದ ಕೋಲಾರದ ಮನೆಯ ಷೆಡ್ಡಿನಲ್ಲಿ ನಿಂತಿದೆ, ಎಂಜಿನ್ ಜಾಮ್ ಆಗಿದೆ ಎಂದು ಬರೆದಿದ್ದೀರಿ. ಅದರ ಜಾಗಕ್ಕೆ ಕಾಂಟೆಸ್ಸಾದ 1.8 ಇಸುಜು ಎಂಜಿನ್, ಪ್ರೀಮಿಯರ್ 118 ಎನ್‌ಇಯ ಎಂಜಿನ್, ಮನೆಯಲ್ಲೇ ನಿಂತಿರುವ ಹಳೆಯ ಮಾರುತಿ ಎಸ್ಟೀಮ್‌ನ 1.3 ಎಂಜಿನ್, ಈ ಮೂರರಲ್ಲಿ ಯಾವುದನ್ನು ಕೂರಿಸಬೇಕೆಂಬುದು ನಿಮ್ಮ ಪ್ರಶ್ನೆ. ವಾರಕ್ಕೊಮ್ಮೆ ನಂದಿಬೆಟ್ಟದವರೆಗೆ ಹೋಗಿಬರುವ ಆಸೆಯನ್ನೂ ಹೇಳಿಕೊಂಡಿದ್ದೀರಿ. ಈ ಮೂರರಲ್ಲೇ ಆರಿಸಬೇಕಾದರೆ ನನ್ನ ಉತ್ತರ ಎಸ್ಟೀಮ್‌ನ ಎಂಜಿನ್. ಆದರೆ ಅದನ್ನು ಮಾರುತಿ ಜಿಪ್ಸಿಯ ಗೇರ್‌ಬಾಕ್ಸ್ ಜೊತೆಗೆ ಹಾಕಬೇಕು, ಕಾರಿನ ಚಾಸಿಗೆ, ಅಂದರೆ ಅಡಿಯ ಚೌಕಟ್ಟಿಗೆ, ಎಲ್ಲಿಯೂ ಕಟರ್ ತಾಗಿಸಬಾರದು, ಮತ್ತು ಹಳೆಯ ಎಂಜಿನ್ ನಿಜವಾಗಿಯೂ ಮುಗಿದಿದೆ ಎಂದು ಖಚಿತವಾದ ಮೇಲೆಯೇ ಈ ಕೆಲಸಕ್ಕೆ ಇಳಿಯಬೇಕು.

ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ. ನಿಂತು ಜಾಮ್ ಆದ ಎಂಜಿನ್ ಎಲ್ಲವೂ ಸತ್ತ ಎಂಜಿನ್ ಅಲ್ಲ. ಬಹಳಷ್ಟು ಸಲ ಪಿಸ್ಟನ್ ರಿಂಗುಗಳು ಬೋರಿನ (ಸಿಲಿಂಡರಿನ ಒಳಗೋಡೆಯ) ತುಕ್ಕಿಗೆ ಅಂಟಿಕೊಂಡಿರುತ್ತವೆ, ಅಷ್ಟೆ. ನಾಲ್ಕೂ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಡೀಸೆಲ್ ಮತ್ತು ಆಟೊಮ್ಯಾಟಿಕ್ ಗೇರ್ ಎಣ್ಣೆಯನ್ನು ಸಮನಾಗಿ ಬೆರೆಸಿ ಪ್ರತಿ ಸಿಲಿಂಡರಿಗೂ ಸ್ವಲ್ಪ ಸುರಿದು, ಎರಡು ವಾರ ಹಾಗೆಯೇ ಬಿಟ್ಟು, ನಂತರ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಉದ್ದದ ಸ್ಪ್ಯಾನರ್ ಹಾಕಿ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲುಗಿಸಿ ನೋಡಿ. ಗೇರಿಗೆ ಹಾಕಿ ಟ್ರ್ಯಾಕ್ಟರಿನಿಂದ ಎಳೆಸಿದರೆ ಬಿಟ್ಟುಕೊಳ್ಳುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಅಂಟಿಕೊಂಡ ರಿಂಗು ಮುರಿದು ಬೋರನ್ನು ಗೀರುವುದು ಆಗಲೇ. ಎಂಜಿನ್ ತಿರುಗಿತೆಂದಾದರೆ ಇನ್ನೊಂದು ಪರೀಕ್ಷೆ ಬಾಕಿ ಇರುತ್ತದೆ. ಒಬ್ಬರು ಒಳಗೆ ಕುಳಿತು ಕ್ಲಚ್ ಒತ್ತಲಿ, ನೀವು ಮುಂದೆ ನಿಂತು ಪುಲ್ಲಿಯನ್ನು ನೋಡಿ. ಪುಲ್ಲಿ ಕಣ್ಣಿಗೆ ಕಾಣುವಷ್ಟು ಮುಂದಕ್ಕೆ ಸರಿದರೆ ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರ್‌ಗಳು ಸವೆದಿವೆ ಅಥವಾ ಕಳಚಿ ಎಂಜಿನ್ ತಳದ ಎಣ್ಣೆ ತೊಟ್ಟಿಯಾದ ಸಂಪ್‌ಗೆ ಬಿದ್ದಿವೆ. ಈ ಮನೆತನದ ಎಂಜಿನ್ನುಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ದೌರ್ಬಲ್ಯ. ಹಾಗೆಯೇ ಓಡಿಸಿದ್ದರೆ ಬ್ಲಾಕ್ ಕೂಡ ಕೆಟ್ಟಿರಬಹುದು. ಬೇಗ ಗಮನಿಸಿದ್ದರೆ ವಾಷರ್ ಬದಲಿಸುವುದರಲ್ಲಿ ಮುಗಿಯುತ್ತದೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾಗದಪತ್ರದ ಕಾರಣವೂ ಇದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ಕಳೆದ ಕಾರನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅದರ ಅವಧಿ 10 ವರ್ಷ. ಆದರೆ ಕಾರು ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ನಿಮ್ಮ ಕಾರು ವಯಸ್ಸಿನಲ್ಲಿ ಅರ್ಹವಾಗಿದೆ, ಬೇರೆ ಎಂಜಿನ್ ಕೂರಿಸಿದ ದಿನ ಆ ಅರ್ಹತೆ ಹೋಗುತ್ತದೆ. ಸಾಮಾನ್ಯ ನೋಂದಣಿಯಲ್ಲೇ ಉಳಿಸಿಕೊಂಡರೂ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಎದುರಾಗುತ್ತದೆ. ತಯಾರಕರು ಕೊಟ್ಟ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಆ ಕಲಂ ಹೇಳುತ್ತದೆ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿಯಿತು. ಆದ್ದರಿಂದ ಎಂಜಿನ್ ಕೊಳ್ಳುವ ಮೊದಲು ಕೋಲಾರದ ಕೆಎ-07 ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಲಿಖಿತ ಉತ್ತರವನ್ನೇ ಪಡೆಯಿರಿ. ಅನುಮತಿ ಸಿಗದಿದ್ದರೆ ಬೇರೆ ಎಂಜಿನ್ ಹಾಕಿದ ಕಾರು ಖಾಸಗಿ ಜಾಗದಲ್ಲಿ ಅಥವಾ ಟ್ರ್ಯಾಕಿನಲ್ಲಿ ಓಡುವ ಕಾರಾಗಿ ಉಳಿಯುತ್ತದೆ, ನಂದಿಬೆಟ್ಟಕ್ಕೆ ಹೋಗುವ ಕಾರಾಗುವುದಿಲ್ಲ. ಅಪಘಾತವಾದರೆ ವಿಮೆಯವರು ಮೊದಲು ನೋಡುವುದೂ ಎಂಜಿನ್ ನಂಬರನ್ನೇ.

ಇನ್ನು ಎಂಜಿನ್ ಆಯ್ಕೆಗೆ ಬರೋಣ. ಎಲ್ಲರೂ ಬಾನೆಟ್ ಎತ್ತಿ ಎಷ್ಟು ದೊಡ್ಡ ಎಂಜಿನ್ ಹಿಡಿಸುತ್ತದೆ ಎಂದು ನೋಡುತ್ತಾರೆ. ನಾನು ಹೇಳುವುದು, ಕಾರಿನ ಹಿಂಭಾಗದ ಕೆಳಗೆ ಮಲಗಿ ನೋಡಿ ಎಂದು. ಮಾರ್ಕ್ 3ರ ಹಿಂದಿನ ಚಕ್ರಗಳು ಸ್ವಿಂಗ್ ಆಕ್ಸಲ್‌ನವು. ಎರಡೂ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಪೆಟ್ಟಿಗೆಯಾದ ಡಿಫರೆನ್ಷಿಯಲ್ ಚಾಸಿಗೆ ಬಿಗಿದಿರುತ್ತದೆ, ಅದರ ಎರಡೂ ಬದಿಯ ಅರ್ಧ ಶಾಫ್ಟುಗಳು ಒಳತುದಿಯ ಒಂದೊಂದು ಕ್ರಾಸಿನ (ಬಾಗುವ ಕೀಲಿನ) ಮೇಲೆ ಬಾಗಿಲಿನಂತೆ ಏರಿಳಿಯುತ್ತವೆ, ಮೇಲೆ ಅಡ್ಡಲಾಗಿ ಒಂದೇ ಪಟ್ಟೆ ಸ್ಪ್ರಿಂಗ್. ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಕಾರಿನ ಹಿಂಭಾಗ ಮೇಲೇಳುತ್ತದೆ, ಹೊರಗಿನ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ, ಟೈರಿನ ಹಿಡಿತ ಒಮ್ಮೆಲೇ ತಪ್ಪುತ್ತದೆ. ನಂದಿಬೆಟ್ಟದ ಇಳಿಜಾರಿನ ತಿರುವುಗಳಲ್ಲಿ ಇದು ಆಗುವುದನ್ನು ಊಹಿಸಿಕೊಳ್ಳಿ. ಟ್ರಯಂಫ್ ಕಂಪನಿಯೇ ಇದೇ ವಿನ್ಯಾಸದ ಹಿಂಭಾಗಕ್ಕೆ ಎರಡು ಲೀಟರಿನ ಎಂಜಿನ್ ಹಾಕಿ 1966ರಲ್ಲಿ ಜಿಟಿ6 ಮಾಡಿತು. ಟೀಕೆ ಬಂದ ಮೇಲೆ 1968ರ ಮಾರ್ಕ್ 2ರಲ್ಲಿ ಹಿಂದಿನ ಸಸ್ಪೆನ್ಷನ್ನನ್ನೇ ಬದಲಿಸಬೇಕಾಯಿತು. ಸ್ಪಿಟ್‌ಫೈರ್‌ನಲ್ಲೂ 1970ರ ಮಾರ್ಕ್ 4ರಿಂದ ಸ್ಪ್ರಿಂಗಿನ ಜೋಡಣೆ ಬದಲಾಯಿತು. ನಿಮ್ಮ ಕಾರಿನಲ್ಲಿ ಆ ಎರಡು ಸುಧಾರಣೆಗಳೂ ಇಲ್ಲ. ಕಾಂಟೆಸ್ಸಾದ 1817 ಸಿಸಿ ಇಸುಜು ಎಂಜಿನ್ ಒಳ್ಳೆಯದೇ, ಬಾಳಿಕೆಯದೇ, ಆದರೆ ಅದು ದೊಡ್ಡ ಕಾರಿನ ಎಂಜಿನ್. ಅದರ ಭಾರ ನಿಮ್ಮ ಕಾರಿನ ಮೂತಿಯ ಮೇಲೆ ಬೀಳುತ್ತದೆ, ಅದರ ಎಳೆತ ಸಣ್ಣ ಡಿಫರೆನ್ಷಿಯಲ್ ಮೇಲೆ ಬೀಳುತ್ತದೆ. ಅದನ್ನು ಬಿಟ್ಟುಬಿಡಿ.

118 ಎನ್‌ಇಯ ಎಂಜಿನ್ ಬಗ್ಗೆ ನನಗೆ ಗೌರವವಿದೆ. ಅದು ನಿಸ್ಸಾನ್‌ನ ಎ12, 1171 ಸಿಸಿ, ಕಾರ್ಬ್ಯುರೇಟರಿನದು, ವೈರಿಂಗ್ ತಲೆನೋವಿಲ್ಲ, ಅದರದೇ ಗೇರ್‌ಬಾಕ್ಸ್ ಹಿಂದಿನ ಚಕ್ರ ಓಡಿಸುವುದಕ್ಕೇ ಮಾಡಿದ್ದು. ಆದರೆ ಸುಮಾರು 52 ಅಶ್ವಶಕ್ತಿಯ ಎಂಜಿನ್ನನ್ನು 75 ಅಶ್ವಶಕ್ತಿಯ ಕಾರಿಗೆ ಹಾಕಿದರೆ ಸ್ಪಿಟ್‌ಫೈರ್ ಎಂಬ ಹೆಸರಿಗೆ ಅನ್ಯಾಯವಾಗುತ್ತದೆ, ಬಿಡಿಭಾಗಗಳೂ ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತಿವೆ.

ಈಗ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ನಿಮ್ಮ ಮೂಲ ಎಂಜಿನ್ನಿನ ಬೋರ್ 73.7 ಮಿಲಿಮೀಟರ್, ಸ್ಟ್ರೋಕ್ 76, ಒಟ್ಟು 1296 ಸಿಸಿ, 75 ಅಶ್ವಶಕ್ತಿ, ಟಾರ್ಕ್ ಸುಮಾರು 102 ನ್ಯೂಟನ್ ಮೀಟರ್. ಜಿಪ್ಸಿ ಕಿಂಗ್‌ನ 16 ವಾಲ್ವಿನ ಎಂಪಿಎಫ್‌ಐ (ಕಾರ್ಬ್ಯುರೇಟರಿನ ಬದಲು ಪ್ರತಿ ಸಿಲಿಂಡರಿಗೂ ಪೆಟ್ರೋಲ್ ಚಿಮ್ಮಿಸುವ) ಎಂಜಿನ್ನಿನ ಬೋರ್ 74, ಸ್ಟ್ರೋಕ್ 75.5, 1298 ಸಿಸಿ, 80 ಅಶ್ವಶಕ್ತಿ, ಟಾರ್ಕ್ ಸುಮಾರು 103. ಎಂಪಿಎಫ್‌ಐ ಎಸ್ಟೀಮ್‌ನಲ್ಲಿರುವುದೂ ಇದೇ ಮನೆತನದ ಎಂಜಿನ್, 85 ಅಶ್ವಶಕ್ತಿ. ಬೇರೆ ದೇಶದಲ್ಲಿ, ಬೇರೆ ಕಾಲದಲ್ಲಿ ಮಾಡಿದ ಎರಡು ಎಂಜಿನ್ನುಗಳು ಇಷ್ಟು ಹತ್ತಿರ ಬರುವುದನ್ನು ಕಂಡು ನನಗೆ ಮೊದಲ ಸಲ ನಿಜಕ್ಕೂ ಸಂತೋಷವಾಗಿತ್ತು. ಇದರ ಅರ್ಥ, ಹಿಂಭಾಗದ ಡಿಫರೆನ್ಷಿಯಲ್, ಶಾಫ್ಟ್, ಬ್ರೇಕ್ ಯಾವುದಕ್ಕೂ ಹೆಚ್ಚಿನ ಹೊರೆ ಬೀಳುವುದಿಲ್ಲ. ಹಳೆಯದು ಎರಕದ ಕಬ್ಬಿಣ, ಇದು ಬ್ಲಾಕೂ ಹೆಡ್ಡೂ ಅಲ್ಯೂಮಿನಿಯಂ. ಮೂತಿಯ ಭಾರವೂ ಇಳಿಯುತ್ತದೆ.

ಎಸ್ಟೀಮ್‌ನಲ್ಲಿ ಎಂಜಿನ್ ಅಡ್ಡಲಾಗಿ ಕುಳಿತು ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ, ಹಾಗಾಗಿ ಅದರ ಗೇರ್‌ಬಾಕ್ಸ್ ನಿಮಗೆ ಉಪಯೋಗವಿಲ್ಲ. ಜಿಪ್ಸಿಯ ಐದು ಗೇರಿನ ಬಾಕ್ಸ್ ಬೇಕಾಗುವುದು ಇಲ್ಲಿಯೇ. ಜಿಪ್ಸಿ ನಾಲ್ಕೂ ಚಕ್ರಗಳನ್ನು ಓಡಿಸುವ ಗಾಡಿಯಾದರೂ ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಅದರ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ಬೇರೆಯಾಗಿದ್ದು, ಒಂದು ಗಿಡ್ಡ ಶಾಫ್ಟಿನಿಂದ ಸೇರಿರುತ್ತದೆ. ಆ ಶಾಫ್ಟನ್ನು ಬಿಚ್ಚಿದರೆ ಗೇರ್‌ಬಾಕ್ಸಿನ ಹಿಂಬದಿಯಿಂದ ನೇರವಾಗಿ ನಿಮ್ಮ ಡಿಫರೆನ್ಷಿಯಲ್‌ಗೆ ಪ್ರೊಪೆಲ್ಲರ್ ಶಾಫ್ಟ್ ಎಳೆಯಬಹುದು. ಐದನೇ ಗೇರಿನ ಬೆಲೆ ಹೆದ್ದಾರಿಯಲ್ಲಿ ತಿಳಿಯುತ್ತದೆ. ಮಾರ್ಕ್ 3ರ ಡಿಫರೆನ್ಷಿಯಲ್ ಅನುಪಾತ 4.11, 13 ಇಂಚಿನ ಚಕ್ರಕ್ಕೆ ನಾಲ್ಕನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 3500 ಸುತ್ತು ಸುತ್ತಿದರೆ ವೇಗ ಗಂಟೆಗೆ ಸುಮಾರು 93 ಕಿಲೋಮೀಟರ್. ಓವರ್‌ಡ್ರೈವ್ (ಎಂಜಿನ್ ಸುತ್ತು ಇಳಿಸುವ ಹೆಚ್ಚುವರಿ ಗೇರ್) ಇಲ್ಲದ ಮೂಲ ಕಾರಿಗೆ ಅದಕ್ಕಿಂತ ಮೇಲೆ ಗೇರೇ ಇಲ್ಲ. ಕೋಲಾರದಿಂದ ಬೆಂಗಳೂರಿನ ಕಡೆಗೆ ಒಂದು ಗಂಟೆ ಆ ಸದ್ದಿನಲ್ಲಿ ಹೋದವರಿಗೆ ಇನ್ನೊಂದು ಗೇರ್ ಎಷ್ಟು ಹಿತವೆಂದು ಗೊತ್ತು.

ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಒಂದೇ ಮನೆತನದಿಂದ ತೆಗೆದುಕೊಳ್ಳಿ ಎಂದು ಹೇಳುವುದಕ್ಕೆ ನಾನೇ ಮಾಡಿದ ತಪ್ಪು ಕಾರಣ. ಹಲವು ವರ್ಷಗಳ ಹಿಂದೆ ನನ್ನ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಬೇರೊಂದು ಕಾರಿನ ಎಂಜಿನ್ ಕೂರಿಸಿ, ಹಳೆಯ ಗೇರ್‌ಬಾಕ್ಸನ್ನೇ ಉಳಿಸಿಕೊಂಡು, ಎರಡರ ನಡುವೆ ದಪ್ಪ ಅಲ್ಯೂಮಿನಿಯಂ ಪ್ಲೇಟ್ ಮಾಡಿಸಿದ್ದೆ. ಸಾವಿರ ಕಿಲೋಮೀಟರ್ ಆಗುವುದರೊಳಗೆ ಕ್ಲಚ್ ಒತ್ತಿದಾಗಲೆಲ್ಲ ಕೀರಲು ಸದ್ದು ಶುರುವಾಯಿತು. ರಾಬರ್ಟ್‌ಸನ್‌ಪೇಟೆಯಲ್ಲಿ ಗಣಿಯ ವರ್ಕ್‌ಷಾಪಿನಿಂದ ನಿವೃತ್ತರಾದ ಒಬ್ಬ ಹಿರಿಯರು ಲೇತ್ ಇಟ್ಟುಕೊಂಡಿದ್ದರು. ಅವರು ಫ್ಲೈವೀಲಿಗೆ ಡಯಲ್ ಗೇಜ್ ಕಟ್ಟಿ, ಮುಳ್ಳನ್ನು ಬೆಲ್ ಹೌಸಿಂಗಿನ (ಕ್ಲಚ್ಚನ್ನು ಮುಚ್ಚುವ ಗಂಟೆಯಾಕಾರದ ಕವಚದ) ಒಳಬಾಯಿಗೆ ತಾಗಿಸಿ, ಕ್ರ್ಯಾಂಕನ್ನು ಕೈಯಿಂದ ಒಂದು ಸುತ್ತು ತಿರುಗಿಸಿದರು. ಮುಳ್ಳು ಹದಿನಾಲ್ಕು ಥೌ ಅಲುಗಿತು. "ಐದು ಥೌ ದಾಟಬಾರದಪ್ಪ, ಇದು ಹದಿನಾಲ್ಕು. ಪ್ಲೇಟು ಚೆನ್ನಾಗಿದೆ, ಜಾಗ ತಪ್ಪಿದೆ" ಎಂದರು. ಒಂದು ಥೌ ಎಂದರೆ ಇಂಚಿನ ಸಾವಿರ ಪಾಲಿನಲ್ಲಿ ಒಂದು ಪಾಲು. ಕಣ್ಣಿಗೆ ಕಾಣದ ಅಷ್ಟು ಓರೆಗೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗೂ ಕ್ಲಚ್ ಪ್ಲೇಟೂ ಹಾಳಾಗಿದ್ದವು. ಎಸ್ಟೀಮ್ ಎಂಜಿನ್ನಿಗೆ ಜಿಪ್ಸಿಯ ಫ್ಲೈವೀಲ್, ಕ್ಲಚ್, ಬೆಲ್ ಹೌಸಿಂಗ್ ಮೂರನ್ನೂ ಸೇರಿಸಿ ತಂದರೆ ಪ್ಲೇಟಿನ ಮಾತೇ ಬರುವುದಿಲ್ಲ.

ಕೂರಿಸುವಾಗ ಗಮನಿಸಬೇಕಾದ ಜಾಗಗಳು ಮುಖ್ಯವಾಗಿ ಮೂರು. ಹೆಡ್ಡಿನ ಹಿಂಬದಿಯಲ್ಲಿ ಡಿಸ್ಟ್ರಿಬ್ಯೂಟರ್ ಇರುವ ಎಂಜಿನ್ ನಿಮ್ಮದಾದರೆ ಅದು ಕಾರಿನ ಫೈರ್‌ವಾಲಿಗೆ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆಗೆ) ತಾಗಬಹುದು. ಫೈರ್‌ವಾಲನ್ನು ಬಡಿಯುವ ಬದಲು ಎಂಜಿನ್ನನ್ನು ಮುಂದಕ್ಕೆ ತನ್ನಿ. ಸಂಪಿನ ಕೆಳಗೆ ಸ್ಟೀರಿಂಗ್ ರ್ಯಾಕ್ ಮತ್ತು ಚಾಸಿಯ ಅಡ್ಡಪಟ್ಟಿಗೆ ಎಷ್ಟು ಅಂತರವಿದೆ ಎಂದು ಎಸ್ಟೀಮ್ ಸಂಪ್, ಜಿಪ್ಸಿ ಸಂಪ್ ಎರಡನ್ನೂ ಹಿಡಿದು ಅಳೆದು, ಹೊಂದುವುದನ್ನು ಹಾಕಿ. ಬಾನೆಟ್ಟಿನ ಎತ್ತರಕ್ಕೆ ನಮ್ಮೂರಿನ ಉಪಾಯವೇ ಸಾಕು: ವಾಲ್ವ್ ಕವರಿನ ಮೇಲೆ ಮೂರು ಕಡೆ ಹದವಾದ ಜೇಡಿಮಣ್ಣಿನ ಉಂಡೆ ಇಟ್ಟು ಬಾನೆಟ್ ಮುಚ್ಚಿ ತೆಗೆಯಿರಿ, ಚಪ್ಪಟೆಯಾದ ಉಂಡೆಯ ದಪ್ಪವೇ ನಿಮಗೆ ಸಿಕ್ಕ ಜಾಗ. ಎರಡು ಬೆರಳಿನಷ್ಟಾದರೂ ಉಳಿಯಲಿ, ಎಂಜಿನ್ ರಬ್ಬರಿನ ಮೇಲೆ ಕುಣಿಯುತ್ತದೆ. ಸ್ಪಿಟ್‌ಫೈರ್‌ನಲ್ಲಿ ಗೇರ್‌ಬಾಕ್ಸ್ ಮುಚ್ಚುವ ಒಳಗಿನ ಸುರಂಗದ ಕವರ್ ಬಿಚ್ಚಿ ತೆಗೆಯುವಂಥದ್ದು, ಲೋಹದ್ದಲ್ಲ. ಜಿಪ್ಸಿ ಬಾಕ್ಸಿಗೆ ಹೊಸ ಫೈಬರ್ ಕವರ್ ಮಾಡಿಸಿ, ಹಳೆಯದನ್ನು ಹಾಗೆಯೇ ತೆಗೆದಿಡಿ. ಎಂಜಿನ್ ಮೌಂಟುಗಳೂ ಈಗಿರುವ ರಂಧ್ರಗಳಿಗೇ ಬೋಲ್ಟ್ ಆಗುವಂತಿರಲಿ. ಮುಂದೊಂದು ದಿನ ನಿಮಗೋ ನಿಮ್ಮ ಮಕ್ಕಳಿಗೋ ಮೂಲ ಎಂಜಿನ್ನನ್ನು ಸರಿಪಡಿಸಿ ವಾಪಸು ಕೂರಿಸಬೇಕೆನಿಸಿದರೆ ಸ್ಪ್ಯಾನರ್ ಒಂದರಿಂದಲೇ ಅದು ಸಾಧ್ಯವಾಗಬೇಕು. ಮಾವನವರ ಎಂಜಿನ್ನನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. ಎಣ್ಣೆ ಹಚ್ಚಿ ಪೆಟ್ಟಿಗೆಯಲ್ಲಿಡಿ.

ಎಂಪಿಎಫ್‌ಐ ಎಂದರೆ ಹೆಚ್ಚಿನ ಒತ್ತಡದ ಪೆಟ್ರೋಲ್ ಪಂಪು, ಟ್ಯಾಂಕಿಗೆ ಹಿಂತಿರುಗುವ ಪೈಪು, ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು, ಪೂರ್ತಿ ವೈರಿಂಗ್ ಎಲ್ಲವೂ ಬೇಕು. ಎಸ್ಟೀಮ್ ಮನೆಯಲ್ಲೇ ಇರುವುದರಿಂದ ವೈರಿಂಗನ್ನು ಎಲ್ಲಿಯೂ ಕತ್ತರಿಸದೆ, ಪ್ರತಿ ಕನೆಕ್ಟರಿಗೂ ಚೀಟಿ ಕಟ್ಟಿ ಬಿಚ್ಚಿಕೊಳ್ಳಿ. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್, ಆದ್ದರಿಂದ ಹಳೆಯ ರಬ್ಬರ್ ಪೈಪುಗಳಲ್ಲಿ ಒಂದನ್ನೂ ಉಳಿಸಬೇಡಿ. ನನ್ನ ಹೆರಾಲ್ಡ್‌ನಲ್ಲಿ ಎಂಜಿನ್ನಿಗೆ ಕೊಟ್ಟ ಹಣದ ಎರಡರಷ್ಟು ವೈರಿಂಗ್, ಶಾಫ್ಟ್, ರೇಡಿಯೇಟರ್‌ಗಳಿಗೆ ಹೋಯಿತು. ನಿಮ್ಮ ಲೆಕ್ಕದಲ್ಲಿ ಅದಕ್ಕೂ ಜಾಗ ಬಿಡಿ.

ನಮ್ಮ ಜಿಲ್ಲೆಯವರಿಗೇ ಹೇಳಬೇಕಾದ ಒಂದು ಮಾತಿದೆ. ಅಲ್ಯೂಮಿನಿಯಂ ಎಂಜಿನ್ನಿಗೆ ಬೋರ್‌ವೆಲ್ ನೀರು ಹಾಕಬೇಡಿ. ನಮ್ಮಲ್ಲಿ ನೀರು ಬಹಳ ಆಳದಿಂದ ಬರುತ್ತದೆ, ಬಿಂದಿಗೆಯ ಒಳಗೆ ಬಿಳಿಯ ಪದರ ಕಟ್ಟುತ್ತದೆ. ಅದೇ ಪದರ ರೇಡಿಯೇಟರಿನ ಕೊಳವೆಗಳಲ್ಲೂ ಕಟ್ಟುತ್ತದೆ. ಹಾಗೆ ವರ್ಷಗಟ್ಟಲೆ ಓಡಿದ ಒಂದು ಹೆಡ್ಡನ್ನು ನಾನು ಬಿಚ್ಚಿದ್ದೆ. ಗ್ಯಾಸ್ಕೆಟ್ ಕೂರುವ ಅಂಚಿನಲ್ಲಿ ನೀರಿನ ರಂಧ್ರಗಳ ಸುತ್ತ ಲೋಹವನ್ನು ಗೆದ್ದಲು ತಿಂದಂತಿತ್ತು, ಉಗುರಿನಿಂದ ಕೆರೆದರೆ ಬೂದು ಪುಡಿ ಉದುರುತ್ತಿತ್ತು. ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಬಿಟ್ಟು ಬೇರೇನೂ ಬೇಡ. ಎಸ್ಟೀಮ್ ಇಷ್ಟು ದಿನ ಯಾವ ನೀರು ಕುಡಿದಿದೆ ಎಂಬುದನ್ನು ಹೆಡ್ ಬಿಚ್ಚಿ ನೋಡದೆ ಅದನ್ನು ನಂಬಬೇಡಿ.

ಸದ್ಯಕ್ಕೆ ಎಸ್ಟೀಮನ್ನು ಮುಟ್ಟದೆ, ಸ್ಪಿಟ್‌ಫೈರ್‌ನ ಪ್ಲಗ್‌ಗಳನ್ನು ಬಿಚ್ಚಿ ಎಣ್ಣೆ ಸುರಿಯಿರಿ. ಎರಡು ವಾರದ ನಂತರ ಪುಲ್ಲಿ ತಿರುಗಿತೇ, ಕ್ಲಚ್ ಒತ್ತಿದಾಗ ಎಷ್ಟು ಸರಿಯಿತು ಎಂಬುದನ್ನು ಇಲ್ಲಿಯೇ ಬರೆಯಿರಿ. ತಿರುಗದಿದ್ದರೆ ಚಾಸಿಯ ಮೌಂಟುಗಳ ನಡುವಿನ ಅಳತೆಯನ್ನೂ, ಫೈರ್‌ವಾಲಿನಿಂದ ರೇಡಿಯೇಟರಿನವರೆಗಿನ ಅಳತೆಯನ್ನೂ ಜೊತೆಗೆ ಕಳುಹಿಸಿ; ಮೌಂಟಿನ ನಕ್ಷೆಯನ್ನು ನಾನು ಬರೆದುಕೊಡುತ್ತೇನೆ.