ಸಂಪಾದಕರ ಉತ್ತರ: ಕ್ವಾರಿ ನೀರಿಗೆ ದಂಡೆ ಇರುವುದಿಲ್ಲ

ಹಿಂದಿನ ಸಂಚಿಕೆಯಲ್ಲಿ ಒಂದು ಲೇಖನ ಹಾಕಿದ್ದೆವು. ಕೆಲಸ ನಿಂತ ಗಣಿಗಳಲ್ಲಿ ಸೈಕಲ್ ದಾರಿ ಮಾಡಿಕೊಂಡ ಊರುಗಳ ಕಥೆ ಅದು. ಕೊನೆಗೆ ‘ಬಾಗಲಕೋಟೆ ಜಿಲ್ಲೆಯಲ್ಲೂ ಇದು ಆಗಬಹುದು’ ಎಂದು ಒಂದು ಸಾಲು ಸೇರಿಸಿದ್ದೆವು. ಇಳಕಲ್ ಹತ್ತಿರದ ಹಳ್ಳಿಯ ಮಾಸ್ತರರೊಬ್ಬರು ಆ ಸಾಲು ಓದಿ ಸಿಟ್ಟಾಗಿದ್ದಾರೆ. ಅವರ ಪತ್ರದ ಮುಖ್ಯ ಭಾಗ ಇದು:

“ನಮ್ಮೂರ ಪಕ್ಕದ ಗ್ರಾನೈಟ್ ಕ್ವಾರಿಯಲ್ಲಿ ಕೆಲಸ ನಿಂತು ಬಹಳ ವರ್ಷ ಆಯಿತು. ಈಗ ಅದರ ತುಂಬ ನೀರು. ಎರಡು ವರ್ಷದ ಹಿಂದೆ ನನ್ನ ಶಾಲೆಯ ಏಳನೇ ತರಗತಿಯ ಹುಡುಗ ಅದರಲ್ಲಿ ಮುಳುಗಿ ಹೋದ. ನಮಗೆ ಕ್ವಾರಿ ಅಂದರೆ ಹೆಣ ಎತ್ತಿದ ಜಾಗ. ನೀವು ಅಲ್ಲಿ ಸೈಕಲ್ ಹೊಡೆಯಿರಿ ಅನ್ನುತ್ತೀರಿ. ಸುತ್ತ ಬೇಲಿ ಹಾಕಿ ಮುಚ್ಚಿಬಿಡಿ ಎಂದು ಯಾಕೆ ಬರೆಯಲಿಲ್ಲ? ನಿಮ್ಮ ಮಗನನ್ನು ಅಲ್ಲಿಗೆ ಕಳಿಸುತ್ತೀರಾ?”

ಮಾಸ್ತರರೇ,

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಆ ಕ್ವಾರಿ ಈಗಿರುವ ಹಾಗೇ ಇದ್ದರೆ ಕಳಿಸುವುದಿಲ್ಲ. ನನ್ನ ಮಗನನ್ನೂ ಕಳಿಸುವುದಿಲ್ಲ, ಯಾರ ಮಗನೂ ಹೋಗಬಾರದು. ಹೊರದೇಶದ ನಾಲ್ಕು ಊರಿಗೆ ಆರು ಪುಟ ಕೊಟ್ಟ ನಾವು ನಮ್ಮ ಜಿಲ್ಲೆಗೆ ಒಂದು ಸಾಲು ಕೊಟ್ಟೆವು. ಆ ಒಂದು ಸಾಲಿನಲ್ಲಿ ನಿಮ್ಮ ಹುಡುಗನಿಗೆ ಜಾಗವೇ ಇರಲಿಲ್ಲ. ಅದು ತಪ್ಪು, ಕ್ಷಮಿಸಿ. ಆದರೆ ಆ ಸಾಲನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಪತ್ರ ಬಂದ ಮೂರನೇ ದಿನ ಬೆಳಿಗ್ಗೆ ನಿಮ್ಮ ಕಡೆ ಹೋಗಿದ್ದೆ. ನಿಮ್ಮೂರಿನ ಕ್ವಾರಿ ಅದೇ ಹೌದೋ ಅಲ್ಲವೋ ಗೊತ್ತಿಲ್ಲ. ರಸ್ತೆ ಬಿಟ್ಟು ಒಳಗೆ ಹೋದರೆ ಎರಡೂ ಕಡೆ ಬಳ್ಳಾರಿ ಜಾಲಿ. ಅದನ್ನು ದಾಟಿದ ಮೇಲೆ ಒಮ್ಮೆಲೇ ನೆಲ ಮುಗಿಯುತ್ತದೆ. ಕೆಳಗೆ ಹಸಿರು ನೀರು. ನಾಲ್ಕೂ ಕಡೆ ಕೆಂಪು ಕಲ್ಲಿನ ಗೋಡೆ, ಚಾಕುವಿನಿಂದ ಬೆಲ್ಲದ ಅಚ್ಚು ಕೊಯ್ದ ಹಾಗೆ ನೇರ. ಗೋಡೆಯ ಮೇಲೆ ಮೇಲಿಂದ ಕೆಳಕ್ಕೆ ಡ್ರಿಲ್ ಹೊಡೆದ ಗುರುತುಗಳು, ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ. ಮೂಲೆಯಲ್ಲಿ ಒಬ್ಬ ಕುರಿಗಾರರು ಕೊಡಕ್ಕೆ ಹಗ್ಗ ಕಟ್ಟಿ ನೀರು ಸೇದುತ್ತಿದ್ದರು. ಒಡೆದು ಬಿಟ್ಟ ಒಂದು ಕಲ್ಲಿನ ಬ್ಲಾಕಿನ ತಗ್ಗಿಗೆ ಸುರಿಯುತ್ತಿದ್ದರು, ಕುರಿಗಳು ಅಲ್ಲಿ ಕುಡಿಯುತ್ತಿದ್ದವು. “ಕುರಿ ಇದಕ್ಕ ಇಳಿಯೂದಿಲ್ರಿ. ಅವಕ್ಕ ತಿಳಿತೈತಿ, ಹುಡುಗೂರಿಗೆ ತಿಳಿಯೂದಿಲ್ಲ” ಅಂದರು. ಬೇಲಿ ಇತ್ತು. ಎರಡು ಕಡೆ ತಂತಿ ಕತ್ತರಿಸಿತ್ತು, ಮೂರನೇ ಕಡೆ ಕಂಬವೇ ಇರಲಿಲ್ಲ. ಅಪಾಯ ಎಂದು ಬರೆದ ಬೋರ್ಡು ಮುಖ ಕೆಳಗೆ ಮಾಡಿ ಬಿದ್ದಿತ್ತು.

ಈಸು ಬರುವ ಹುಡುಗರೂ ಕ್ವಾರಿಯಲ್ಲಿ ಯಾಕೆ ಮುಳುಗುತ್ತಾರೆ? ಅದರ ಆಕಾರದಲ್ಲೇ ಕಾರಣ ಇದೆ. ನಾನು ಈಸು ಕಲಿತದ್ದು ಹೊಲದ ಬಾವಿಯಲ್ಲಿ, ಬೆನ್ನಿಗೆ ಬೆಂಡು ಕಟ್ಟಿಕೊಂಡು. ಬಾವಿಗೆ ಮೆಟ್ಟಿಲು ಇತ್ತು, ದಣಿದರೆ ಹಿಡಿದುಕೊಳ್ಳಲು ಕಲ್ಲಿನ ಸಂದು ಇತ್ತು. ಕೆರೆಗೆ ದಂಡೆ ಇರುತ್ತದೆ. ಮೊದಲು ಪಾದ, ಆಮೇಲೆ ಮೊಣಕಾಲು, ಆಮೇಲೆ ಸೊಂಟ, ಹೀಗೆ ನೀರು ಮೆಲ್ಲಗೆ ಏರುತ್ತದೆ. ಗ್ರಾನೈಟ್ ಕ್ವಾರಿಯಲ್ಲಿ ಇದು ಯಾವುದೂ ಇಲ್ಲ. ಬ್ಲಾಕು ಚೌಕಾಕಾರವಾಗಿ ಬೇಕು, ಅದಕ್ಕೆ ಗೋಡೆ ನೇರ ಕೊಯ್ಯುತ್ತಾರೆ. ಅಂಚಿನಲ್ಲೇ ಪೂರ್ತಿ ಆಳ. ನುಣುಪು ಕಲ್ಲು, ಅದರ ಮೇಲೆ ಪಾಚಿ. ಹಿಡಿಯಲು ಏನೂ ಸಿಗುವುದಿಲ್ಲ. ಮೇಲಿನ ನೀರು ಬಿಸಿಲಿಗೆ ಬೆಚ್ಚಗಿದ್ದರೂ ಎರಡಾಳು ಕೆಳಗೆ ಕೊರೆಯುವ ತಣ್ಣಗೆ. ಮೇಲಿಂದ ಜಿಗಿದವನಿಗೆ ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ. ಕೆಳಗೆ ಅರ್ಧ ಕೊಯ್ದು ಬಿಟ್ಟ ಮೆಟ್ಟಿಲಿನಂಥ ಕಲ್ಲು ಇದ್ದರೆ ಮೇಲಿನಿಂದ ಕಾಣುವುದಿಲ್ಲ. ಇದನ್ನು ಪ್ರತಿ ಶಾಲೆಯಲ್ಲೂ ಮಕ್ಕಳಿಗೆ ಚಿತ್ರ ಬರೆದು ತೋರಿಸಬೇಕು ಅನಿಸುತ್ತದೆ. ‘ಹೋಗಬೇಡಿ’ ಅಂದರೆ ಮಕ್ಕಳು ಕೇಳುವುದಿಲ್ಲ. ಬಾವಿಗೂ ಕ್ವಾರಿಗೂ ಏನು ವ್ಯತ್ಯಾಸ ಎಂದು ತೋರಿಸಿದರೆ ಕೆಲವರಾದರೂ ಕೇಳುತ್ತಾರೆ.

ಲೇಖನದಲ್ಲಿ ನಾವು ಹೊಗಳಿದ ಕಯೂನಾ ಎಂಬ ಜಾಗ ಅಮೆರಿಕದ ಮಿನೆಸೋಟದಲ್ಲಿದೆ. ಕಬ್ಬಿಣದ ಅದಿರಿನ ಸೀಮೆ. ಅದಿರು ಹುಡುಕಿದ ಕೈಲರ್ ಆಡಮ್ಸ್ ತನ್ನ ಹೆಸರಿನ ಮೊದಲ ತುಂಡಿಗೆ ತನ್ನ ನಾಯಿ ಊನಾಳ ಹೆಸರು ಸೇರಿಸಿ ಆ ಹೆಸರು ಇಟ್ಟ. ಅಲ್ಲಿ ಈಗ ಕೆಂಪು ಮಣ್ಣಿನ ಸೈಕಲ್ ದಾರಿಗಳಿವೆ, ಗಣಿ ಗುಂಡಿಗಳು ನೀರು ತುಂಬಿ ಆಳದ ಕೆರೆಗಳಾಗಿವೆ. ಇಷ್ಟನ್ನು ನಾವು ಬರೆದಿದ್ದೆವು. ಬರೆಯದೆ ಬಿಟ್ಟದ್ದು ಬೇರೆ ಇತ್ತು. 1924ರ ಫೆಬ್ರವರಿ 5ರಂದು ಅದೇ ಸೀಮೆಯ ಮಿಲ್ಫರ್ಡ್ ಗಣಿಯೊಳಗೆ ಪಕ್ಕದ ಕೆರೆಯ ನೀರು ಕೆಸರಿನೊಂದಿಗೆ ನುಗ್ಗಿತು. 41 ಕೆಲಸಗಾರರು ಸತ್ತರು, ಬದುಕಿದವರು 7 ಜನ. ಒಬ್ಬ ಕೆಲಸಗಾರ ತಾನು ಓಡಿಹೋಗದೆ ಎಚ್ಚರಿಕೆಯ ಸೀಟಿ ಊದುತ್ತಾ ಕೆಳಗೇ ಉಳಿದ. ಆ ಜನ ಇದನ್ನು ಮುಚ್ಚಿಡಲಿಲ್ಲ. ಮಿಲ್ಫರ್ಡಿನಲ್ಲಿ ಸತ್ತವರ ನೆನಪಿಗೆ ಉದ್ಯಾನ ಮಾಡಿದ್ದಾರೆ.

ಮತ್ತೆ ಅವರು ಅವಸರ ಮಾಡಲಿಲ್ಲ. ರಾಜ್ಯ ಸರ್ಕಾರ ಆ ಜಾಗವನ್ನು ವಿಹಾರ ಪ್ರದೇಶ ಎಂದು ಮಾಡಿದ್ದು 1993ರಲ್ಲಿ. ಸೈಕಲ್ ದಾರಿ ತೆರೆದದ್ದು 2011ರಲ್ಲಿ. ನಡುವೆ 18 ವರ್ಷ. ನಮ್ಮಲ್ಲಿ ಉದ್ಘಾಟನೆಯ ಕಲ್ಲು ಮೊದಲು ನಿಲ್ಲುತ್ತದೆ, ಕೆಲಸ ಆಮೇಲೆ ನೋಡೋಣ ಅನ್ನುತ್ತೇವೆ. ಗಣಿ ಜಾಗದಲ್ಲಿ ಹಾಗೆ ಮಾಡಿದರೆ ಜೀವ ಹೋಗುತ್ತದೆ.

ಅವಸರ ಮಾಡದಿದ್ದರೂ ನೆಲ ಕೈಕೊಡಬಹುದು. ಜರ್ಮನಿಯ ನಾಕ್ಟರ್‌ಸ್ಟೆಡ್ಟ್ ಎಂಬಲ್ಲಿ ಹಳೆಯ ಕಲ್ಲಿದ್ದಲ ಗಣಿಗೆ ನೀರು ತುಂಬಿಸಿ ವಿಹಾರದ ಕೆರೆ ಮಾಡುತ್ತಿದ್ದರು. 2009ರ ಜುಲೈ 18ರಂದು ದಂಡೆಯೇ ಜಾರಿ, ಅದರ ಮೇಲಿದ್ದ ಮನೆಗಳು ಕೆರೆಗೆ ಬಿದ್ದವು. ಮೂವರು ಸತ್ತರು. ಅಲ್ಲಿನದು ಸಡಿಲ ಮಣ್ಣು, ನಮ್ಮದು ಗಟ್ಟಿ ಕಲ್ಲು. ನಿಮ್ಮ ಕ್ವಾರಿ ಗೋಡೆ ಹಾಗೆ ಜಾರುವುದಿಲ್ಲ. ಇಳಕಲ್ಲಿನ ಕಲ್ಲು ರಾಮನಗರದ ಬೆಟ್ಟಗಳ ಸಾಲಿನದೇ, ಸುಮಾರು 250 ಕೋಟಿ ವರ್ಷದ ಹಳೆಯದು. ಆದರೆ ಗೋಡೆ ಗಟ್ಟಿ ಇದ್ದ ಮಾತ್ರಕ್ಕೆ ಪಕ್ಕದ ವೇಸ್ಟ್ ಡಂಪು ಗಟ್ಟಿ ಅಂತ ಅಲ್ಲ. ಅಗೆದ ಕಲ್ಲಿನಲ್ಲಿ ಬ್ಲಾಕಾಗಿ ಲಾರಿ ಏರುವುದು ಸಣ್ಣ ಪಾಲು. ಉಳಿದ ದೊಡ್ಡ ದೊಡ್ಡ ಕಲ್ಲನ್ನು ಸುಮ್ನೆ ಒಂದರ ಮೇಲೊಂದು ಉರುಳಿಸಿರುತ್ತಾರೆ. ನೋಡಲು ಗುಡ್ಡ, ಒಳಗೆ ಪೊಳ್ಳು. ಅದರ ಮೇಲೆ ಮಕ್ಕಳು ಹತ್ತಬಾರದು, ಅದರ ಬುಡದಲ್ಲಿ ದಾರಿಯೂ ಬೇಡ.

ಹಾಗಾದರೆ ಸೈಕಲ್ ಎಲ್ಲಿ? ಜಿಲ್ಲೆಯ ಎಲ್ಲ ಗಣಿಯೂ ಒಂದೇ ಥರ ಇಲ್ಲ. ಲೋಕಾಪುರ, ಮುಧೋಳ ಕಡೆಯ ಸುಣ್ಣದ ಕಲ್ಲಿನ ಗಣಿ ನೋಡಿ. ಅವು ಬಾವಿಯ ಥರ ಆಳಕ್ಕೆ ಹೋಗುವುದಕ್ಕಿಂತ ಅಗಲಕ್ಕೆ ಹರಡಿಕೊಳ್ಳುತ್ತವೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ, ಗಣಿ ಕೆಲಸದವರು ಅದಕ್ಕೆ ಬೆಂಚು ಅನ್ನುತ್ತಾರೆ. ಲಾರಿ ಇಳಿಯಲು ದಾರಿ ಇರುತ್ತದೆ. ತುಂಬಿದ ಲಾರಿ ಏರಬೇಕಲ್ಲ, ಅದಕ್ಕೆ ಆ ದಾರಿ ಕಡಿದಾಗಿ ಇರುವ ಹಾಗಿಲ್ಲ. ಸಾಮಾನ್ಯವಾಗಿ 16 ಅಡಿ ಮುಂದೆ ಹೋದರೆ 1 ಅಡಿ ಏರು. ಹತ್ತು ವರ್ಷದ ಹುಡುಗಿ ಕೂಡ ಇಳಿಯದೆ ತುಳಿದುಕೊಂಡು ಹೋಗುವಷ್ಟು ಏರು ಅದು. ಗರಸು ಹಾಕಿ ರೋಲರ್ ಹೊಡೆದರೆ ಮಳೆಗಾಲದಲ್ಲೂ ಚಕ್ರ ಹೂಳುವುದಿಲ್ಲ. ನಿಮ್ಮೂರಿನಂಥ ಗ್ರಾನೈಟ್ ಕ್ವಾರಿಯಲ್ಲಿ ಗುಂಡಿಯ ಹತ್ತಿರ ಹೋಗುವುದೇ ಬೇಡ. ಬ್ಲಾಕ್ ಪೇರಿಸುತ್ತಿದ್ದ ಸಮತಟ್ಟು ಜಾಗ, ಲಾರಿ ತಿರುಗಿಸುತ್ತಿದ್ದ ಬಯಲು, ರಸ್ತೆಯವರೆಗಿನ ಹಾದಿ, ಇಷ್ಟೇ ಸಾಕು. ಪಕ್ಕದಲ್ಲಿ ಕ್ರಷರ್ ಓಡುತ್ತಿದ್ದರೆ ಅದೂ ಬೇಡ. ಗ್ರಾನೈಟ್ ಧೂಳು ಮಕ್ಕಳ ಎದೆಗೆ ಒಳ್ಳೆಯದಲ್ಲ.

ಬೇಲಿ ಹಾಕಿ ಮುಚ್ಚಿಬಿಡಿ ಅಂತ ಯಾಕೆ ಬರೆಯಲಿಲ್ಲ ಎಂದು ಕೇಳಿದ್ದೀರಿ. ಈಗ ಬರೆಯುತ್ತೇನೆ: ಬೇಲಿ ಮೊದಲು. ಅದು ಯಾರೋ ಮಾಡುವ ಉಪಕಾರ ಅಲ್ಲ. ಬಿಟ್ಟುಹೋಗುವ ಗಣಿಗೆ ಭದ್ರವಾದ ಬೇಲಿ ಇರಬೇಕು ಎಂದು 1961ರ ಗಣಿ ನಿಯಮಗಳಲ್ಲೇ ಇದೆ. ಆದರೆ ನಾನು ನೋಡಿದ ಬೇಲಿಯನ್ನು ಯಾರು ಕತ್ತರಿಸಿದ್ದು? ಕುರಿಗೆ ನೀರು ಬೇಕಾದವರು, ಬಟ್ಟೆ ಒಗೆಯಲು ಬಂದವರು, ಏಪ್ರಿಲ್ ಬಿಸಿಲಿಗೆ ಬೇರೆಲ್ಲೂ ನೀರು ಕಾಣದ ಹುಡುಗರು. ಊರಿಗೆ ಕೆಲಸ ಇರುವ ಜಾಗಕ್ಕೆ ಬೇಲಿ ಹಾಕಿ ಬಿಟ್ಟುಬಂದರೆ ಆ ಬೇಲಿ ಒಂದು ಮಳೆಗಾಲ ಬಾಳುವುದಿಲ್ಲ. ಯಾರೂ ಹೋಗದ ಜಾಗದಲ್ಲಿ ಹುಡುಗ ಮುಳುಗಿದರೆ ಕೂಗು ಕೇಳುವವರು ಯಾರು? ದಿನಾ ಸಂಜೆ ಐವತ್ತು ಜನ ಸೈಕಲ್ ಹೊಡೆಯುವ, ನಡೆಯುವ, ಕಟ್ಟೆಯ ಮೇಲೆ ಕೂರುವ ಜಾಗ ಆದರೆ ಗುಂಡಿಯ ಕಡೆ ಹೋಗುವ ಹುಡುಗನನ್ನು ಯಾರಾದರೂ ಹೆಸರು ಹಿಡಿದು ಕರೆಯುತ್ತಾರೆ. ಬೇಲಿ ಮುರಿದರೆ ಮರುದಿನ ಗೊತ್ತಾಗುತ್ತದೆ. ನಾನು ಸೈಕಲ್ ದಾರಿ ಬೇಕು ಅನ್ನುವುದಕ್ಕೆ ಇದೇ ದೊಡ್ಡ ಕಾರಣ.

ಇನ್ನೊಂದು ಕಾರಣವೂ ಇದೆ, ಅದು ನನ್ನ ಮನಸ್ಸಿಗೆ ಹತ್ತಿರವಾದದ್ದು. ನಮ್ಮ ಸೀಮೆ ಸೈಕಲ್ಲಿನ ಸೀಮೆ. ವಿಜಯಪುರ, ಬಾಗಲಕೋಟೆಯ ಕ್ರೀಡಾ ನಿಲಯಗಳು, ರಾಮದುರ್ಗ ತಾಲ್ಲೂಕಿನ ಚಂದರಗಿಯ ಕ್ರೀಡಾ ಶಾಲೆ, ಇಲ್ಲಿಂದ ಹೋದ ರೈತರ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ಜಾತ್ರೆಗೆ ಕುಸ್ತಿ ಇದ್ದ ಹಾಗೆ ಸೈಕಲ್ ರೇಸೂ ಇರುತ್ತದೆ. ಆದರೆ ಈ ಮಕ್ಕಳು ಅಭ್ಯಾಸ ಮಾಡುವುದು ಎಲ್ಲಿ? ಹೆದ್ದಾರಿಯಲ್ಲಿ. ಬೆಳಗಿನ ಐದೂವರೆಗೆ ಬಾಗಲಕೋಟೆಯ ನವನಗರದಿಂದ ಹೊರಗೆ ಹೋದರೆ ಕಾಣುತ್ತಾರೆ. ಹುಡುಗಿಯರು ಒಂದೇ ಸಾಲಿನಲ್ಲಿ ತಲೆ ಬಗ್ಗಿಸಿ ತುಳಿಯುತ್ತಿರುತ್ತಾರೆ. ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರು, ಎರಡು ಟ್ರೇಲರು ಜೋಡಿಸಿದ್ದು, ಹಿಂದೆ ಲೈಟೇ ಇಲ್ಲದ್ದು. ಅದನ್ನು ನೋಡಿದಾಗೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಲಾರಿ ಬರದ ಐದು ಕಿಲೋಮೀಟರ್ ನೆಲ ಈ ಮಕ್ಕಳಿಗೆ ಬೇಕು. ಅಷ್ಟು ನೆಲ ಜಿಲ್ಲೆಯಲ್ಲಿ ಖಾಲಿ ಬಿದ್ದಿದೆ.

ಖಾಲಿ ಅಂದೆ. ಆ ಮಾತನ್ನೂ ತಿದ್ದಬೇಕು. ಕ್ವಾರಿ ಬರುವ ಮೊದಲು ಅಲ್ಲಿ ದನ, ಕುರಿ ಮೇಯುತ್ತಿದ್ದವು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿದೆ, ಅದು ನಮ್ಮ ಹಳ್ಳಿಗಳಿಗೆ ಜಾಸ್ತಿ ತಲುಪಿಲ್ಲ. ಗಣಿ ಕೆಲಸ ಮುಗಿದ ಮೇಲೆ ಆ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಬೇಕು, ಮೇವು ಸಿಗುವಂತೆ ಮಾಡಬೇಕು, ಇದನ್ನು ಗಣಿ ಗುತ್ತಿಗೆಯ ಷರತ್ತಾಗಿಯೇ ಸೇರಿಸಬೇಕು ಎಂದು ಸರ್ಕಾರಕ್ಕೆ ಹೇಳಿದೆ. ಹಾಗಾಗಿ ದಾರಿ ಮಾಡುವಾಗ ಕುರಿಗಾರರನ್ನು ಹೊರಗೆ ಹಾಕಬಾರದು. ಅವರಿಗೊಂದು ನೀರಿನ ತೊಟ್ಟಿ ಕಟ್ಟಿಸಿ, ಸೋಲಾರ್ ಪಂಪಿನಿಂದ ತುಂಬಿಸಿದರೆ ಅವರು ಕ್ವಾರಿ ಅಂಚಿಗೆ ಹೋಗಿ ಕೊಡ ಇಳಿಸಬೇಕಾಗಿಲ್ಲ. ಬೇಲಿಯೂ ಉಳಿಯುತ್ತದೆ. ನನ್ನ ಕೇಳಿದರೆ ಮೊದಲ ರೂಪಾಯಿ ಈ ತೊಟ್ಟಿಗೆ ಹೋಗಬೇಕು.

ದುಡ್ಡು ಎಲ್ಲಿಂದ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಗಣಿ ಇರುವ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದಿವೆ. ಸರ್ಕಾರಕ್ಕೆ ಕೊಡುವ ರಾಜಧನದ ಜೊತೆಗೆ ಗಣಿ ನಡೆಸುವವರು ಇದಕ್ಕೂ ಕಟ್ಟುತ್ತಾರೆ. ಗಣಿಯಿಂದ ತೊಂದರೆಯಾದ ಜನ ಮತ್ತು ಜಾಗಕ್ಕೆ ಖರ್ಚು ಮಾಡಲೆಂದೇ ಇರುವ ದುಡ್ಡು ಅದು. ಒಬ್ಬ ಹುಡುಗನನ್ನು ಕಳೆದುಕೊಂಡ ಊರಿಗಿಂತ ಜಾಸ್ತಿ ತೊಂದರೆಯಾದ ಊರು ಯಾವುದು? ಗ್ರಾಮಸಭೆಯಲ್ಲಿ ಠರಾವು ಮಾಡಿ ಕೇಳಿ. ಬೇಲಿ, ತೊಟ್ಟಿ, ಗುಂಡಿಯ ಒಂದು ಬದಿಗೆ ಇಳಿಜಾರು ಮತ್ತು ಹಿಡಿಕೆ ಸರಪಳಿ ಎಂದು ಬರೆಯಿರಿ. ಬಿದ್ದವನು ಮೇಲೆ ಬರಲು ಒಂದು ಜಾಗವಾದರೂ ಇರಬೇಕು. ಸೈಕಲ್ ದಾರಿಯನ್ನು ಕೊನೆಗೆ ಬರೆಯಿರಿ, ಅಥವಾ ಈ ವರ್ಷ ಬರೆಯಲೇಬೇಡಿ. ಪರವಾಗಿಲ್ಲ.

ಆ ಸಭೆಯಲ್ಲಿ ಮೊದಲ ಮಾತು ಆ ಹುಡುಗನ ತಾಯಿಯದಾಗಿರಲಿ. ಅವರು ಬೇಡ ಅಂದರೆ ಬೇಡ. ನಾವೂ ಆ ಊರಿನ ಬಗ್ಗೆ ಮತ್ತೆ ಸೈಕಲ್ ಎಂಬ ಮಾತು ಬರೆಯುವುದಿಲ್ಲ. ಬೇಕು ಅಂದರೆ ದಾರಿ ಶುರುವಾಗುವ ಕಡೆ ಅವನ ಹೆಸರಿನ ಒಂದು ಕಲ್ಲು ನಿಲ್ಲಿಸಬಹುದಲ್ವಾ? ಅದೇ ಕ್ವಾರಿಯ ಕೆಂಪು ಕಲ್ಲು. ಪಟ್ಟದಕಲ್ಲಿನ ಹತ್ತಿರ ಚಾಲುಕ್ಯರ ಕಾಲದಲ್ಲಿ ಕಲ್ಲು ತೆಗೆದ ಗುಡ್ಡ ಇದೆ. ಅಲ್ಲಿ ಕೆಲಸಗಾರರು ತಮ್ಮ ಹೆಸರುಗಳನ್ನು ಬಂಡೆಯ ಮೇಲೆ ಕೆತ್ತಿಹೋಗಿದ್ದಾರೆ. ಸಾವಿರದ ಇನ್ನೂರು ವರ್ಷ ದಾಟಿದರೂ ಓದಲು ಸಿಗುತ್ತವೆ.

ಮುಂದಿನ ತಿಂಗಳ ಮೊದಲ ಭಾನುವಾರ ನಾನು ನಿಮ್ಮೂರಿಗೆ ಬರುತ್ತೇನೆ. ನಮ್ಮ ಛಾಯಾಗ್ರಾಹಕರೂ ಬರುತ್ತಾರೆ, ಆದರೆ ನೀವು ಹೇಳುವ ತನಕ ಅವರು ಕ್ಯಾಮೆರಾ ತೆಗೆಯುವುದಿಲ್ಲ. ಉದ್ದ ಹಗ್ಗ, ತೂಕದ ಗುಂಡು, ಟೇಪು ನಾವು ತರುತ್ತೇವೆ. ಕ್ವಾರಿಯ ನಾಲ್ಕೂ ಮೂಲೆಯ ಆಳ ಅಳೆದು ನಕ್ಷೆ ಮಾಡೋಣ, ಠರಾವಿನ ಜೊತೆ ಅದನ್ನೂ ಇಡಬಹುದು. ನೀವು ಒಂದು ಕೆಲಸ ಮಾಡಿ. ಆ ಕ್ವಾರಿಯಲ್ಲಿ ಡ್ರಿಲ್ ಹೊಡೆದವರು ಊರಲ್ಲಿ ಇಬ್ಬರಾದರೂ ಇರುತ್ತಾರೆ ಅಲ್ವಾ? ಯಾವ ಕಡೆ ಬೆಂಚು ಬಿಟ್ಟಿದ್ದರು, ಯಾವ ಕಡೆ ನೇರ ಕೊಯ್ದಿದ್ದರು ಎಂಬುದು ಅವರಿಗೆ ಗೊತ್ತಿರುತ್ತದೆ. ಅವರನ್ನು ಬೆಳಿಗ್ಗೆ ಏಳು ಗಂಟೆಗೆ ಶಾಲೆಯ ಹತ್ತಿರ ಬರಲು ಹೇಳಿ.

– ಸಂಪಾದಕ