ಕರಾವಳಿಯ ಸೆಕೆಗೆ ದಪ್ಪ ಆಯಿಲ್ ಬೇಕೇ?

ಪ್ರಶ್ನೆ: ನನ್ನದು 2002ರ ಹೋಂಡಾ ಸಿಟಿ 1.5 ವಿಟೆಕ್. 1.4 ಲಕ್ಷ ಕಿ.ಮೀ. ಓಡಿದೆ. ನಮ್ಮೂರಿನ ಸೆಕೆಗೆ 20ಡಬ್ಲ್ಯೂ-50 ಎಂಜಿನ್ ಆಯಿಲ್ ಹಾಕಿ ಅಂತ ಮೆಕ್ಯಾನಿಕ್ ಹೇಳುತ್ತಾರೆ. 0ಡಬ್ಲ್ಯೂ-20 ಹಾಕು, ಪಿಕಪ್ ಜಾಸ್ತಿಯಾಗುತ್ತದೆ ಅಂತ ಗೆಳೆಯನ ವಾದ. ಯಾರ ಮಾತು ಕೇಳಲಿ?
– ಓದುಗರು, ಮಣಿಪಾಲ

ಉತ್ತರ: ಇಬ್ಬರದ್ದೂ ಬೇಡ ಮಾರಾಯ್ರೆ. ಮೊದಲು ಗಾಡಿಯ ಮ್ಯಾನ್ಯುವಲ್ ನೋಡಿ, ಅದರಲ್ಲಿರುವ ಗ್ರೇಡಿನಿಂದಲೇ ಲೆಕ್ಕ ಶುರು.

ಮೇ ತಿಂಗಳಲ್ಲಿ ಉಡುಪಿಯಲ್ಲಿ ನಾವು ಬೆವರಿ ಒದ್ದೆಯಾಗುತ್ತೇವೆ, ಸರಿ. ಆದರೆ ಎಂಜಿನ್ ಒಳಗೆ ಆಯಿಲ್ ಕೆಲಸ ಮಾಡುವುದು 100 ಡಿಗ್ರಿ ಆಸುಪಾಸಿನಲ್ಲಿ. ಹೊರಗೆ 25 ಇದ್ದರೂ 35 ಇದ್ದರೂ ಅದಕ್ಕೆ ದೊಡ್ಡ ವ್ಯತ್ಯಾಸವಿಲ್ಲ. ಎಂಜಿನ್ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಇರುವುದು ಮತ್ತೆ ಯಾಕೆ? ಡಬ್ಲ್ಯೂ ಎದುರಿನ ಅಂಕಿ ಚಳಿಯದ್ದು: 10ಡಬ್ಲ್ಯೂ ಆಯಿಲನ್ನು ಮೈನಸ್ 25 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ. ಆ ಚಳಿ ನಮಗೆ ಫ್ರೀಜರಿನಲ್ಲೂ ಸಿಗದು. ನಿಮಗೆ ಮುಖ್ಯ ಕಡೆಯ ಅಂಕಿ. 100 ಡಿಗ್ರಿಯಲ್ಲಿ 40ರ ಗ್ರೇಡಿನ ಸ್ನಿಗ್ಧತೆ (ಅಂದರೆ ದಪ್ಪ) 12.5ರಿಂದ 16.3 ಸೆಂಟಿಸ್ಟೋಕ್ಸ್, 50ರದ್ದು 16.3ರಿಂದ 21.9.

ನಿಮ್ಮ ವಿಟೆಕ್ (ಎಂಜಿನ್ ವೇಗಕ್ಕೆ ತಕ್ಕಂತೆ ವಾಲ್ವ್ ತೆರೆಯುವ ರೀತಿ ಬದಲಿಸುವ ಹೋಂಡಾ ವ್ಯವಸ್ಥೆ) ನಡೆಯುವುದೇ ಆಯಿಲ್ ಪ್ರೆಶರಿನಿಂದ. ಆರ್‌ಪಿಎಂ ಏರಿದಾಗ ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ವಾಲ್ವ್) ತೆರೆದು, ಆಯಿಲ್ ನುಗ್ಗಿ ಪಿನ್ನನ್ನು ತಳ್ಳಿ ಎಂಜಿನ್ ವಾಲ್ವ್ ಒತ್ತುವ ರಾಕರ್ ಆರ್ಮ್‌ಗಳನ್ನು ಒಂದಕ್ಕೊಂದು ಕಟ್ಟುತ್ತದೆ. ಸವೆದ ಬೇರಿಂಗಿಗೆ 0ಡಬ್ಲ್ಯೂ-20 ಹಾಕಿದರೆ ಬಿಸಿ ಐಡ್ಲಿಂಗಿನಲ್ಲಿ ಪ್ರೆಶರ್ ಬೀಳುತ್ತದೆ. 20ಡಬ್ಲ್ಯೂ-50 ಹಾಕಿದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಮೇಲಿನ ಕ್ಯಾಮಿನವರೆಗೆ ಹತ್ತುವುದೇ ನಿಧಾನ.

ಮ್ಯಾನ್ಯುವಲ್ ಅಡ್ಡ ಬಾರದಿದ್ದರೆ ನಾನು ಹಾಕುವುದು 10ಡಬ್ಲ್ಯೂ-40. ಚಾರ್ಮಾಡಿ, ಆಗುಂಬೆ ಘಾಟಿಯಲ್ಲಿ ಎಳೆದು ಓಡಿಸುವವರಾದರೆ 5ಡಬ್ಲ್ಯೂ-40 ಫುಲ್ ಸಿಂಥೆಟಿಕ್. ನೀಲಿ ಹೊಗೆ ಬರುತ್ತಿದೆಯೇ? ಅದು ರಿಂಗ್ ಅಥವಾ ವಾಲ್ವ್ ಸೀಲಿನ ಕೆಲಸ. ದಪ್ಪ ಆಯಿಲ್ ಸುರಿದು ಮುಚ್ಚಿಟ್ಟರೆ ಗಾಡಿ ಮಾರುವವರಿಗೆ ಮಾತ್ರ ಲಾಭ. ಆಯಿಲ್ ಲ್ಯಾಂಪ್ ಮಿಣುಕಿದರೆ ಗೇಜ್ ಹಾಕಿ ಪ್ರೆಶರ್ ನೋಡಿಸಿ, ಆಮೇಲೆ ಗ್ರೇಡಿನ ಮಾತು.

ಇನ್ನೊಂದು. ಮಣಿಪಾಲದಿಂದ ಉಡುಪಿಗೆ ಇಳಿದು ಹತ್ತುವಷ್ಟರಲ್ಲಿ ಆಯಿಲ್ ಪೂರ್ತಿ ಬಿಸಿಯಾಗುವುದಿಲ್ಲ. ಮಳೆಗಾಲದಲ್ಲಿ ಫಿಲ್ಲರ್ ಮುಚ್ಚಳದಡಿ ಬೆಳ್ಳಗೆ ಕೆನೆ ಕಟ್ಟುವುದು ಹೀಗೆ ಆರದೆ ಉಳಿದ ತೇವದಿಂದ. ಕೂಲಂಟ್ ಕಮ್ಮಿಯಾಗದಿದ್ದರೆ ಹೆದರಬೇಡಿ, ಕಮ್ಮಿಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಿ. ಇಂಥ ಓಡಾಟದವರು ಕಿಲೋಮೀಟರ್ ತುಂಬಲಿ ಅಂತ ಕಾಯದೆ ಆರು ತಿಂಗಳಿಗೊಮ್ಮೆ ಆಯಿಲ್ ಬದಲಿಸಿ.

ಪ್ರಶ್ನೆ: ಸಿಂಥೆಟಿಕ್ ಹಾಕಿದರೆ ಹಳೆ ಎಂಜಿನ್ ಸೋರುತ್ತದಂತೆ, ಹೌದಾ?
– ಓದುಗರು, ಸುರತ್ಕಲ್

ಉತ್ತರ: ಸೋರುವ ಸೀಲ್ ಮೊದಲೇ ಗಟ್ಟಿಯಾಗಿರುತ್ತದೆ, ಕೊಳೆ ಅದನ್ನು ಮುಚ್ಚಿರುತ್ತದೆ; ಸಿಂಥೆಟಿಕ್ ಆ ಕೊಳೆ ತೊಳೆದಾಗ ಸೋರಿಕೆ ಹೊರಬೀಳಬಹುದು. ಅಂಥ ಸೀಲ್ ಇದ್ದರೆ ಬದಲಿಸಿಯೇ ಸಿಂಥೆಟಿಕ್ ಹಾಕಿ.